ಅಗ್ಗದ ವಿಮಾನಕ್ಕೆ ಟವೆಲ್ ಹಾಕಿದ್ದು

ವಿಮಾನ ಕಂಪನಿಗಳು ಯಾಕೆ ಮುಳುಗುತ್ತವೆ ಎಂದು ಬಲ್ಲವರನ್ನು ಕೇಳಿದರೆ ಇಂಧನದ ಬೆಲೆ, ಬ್ಯಾಂಕಿನ ಬಡ್ಡಿ, ಬಿಡಿಭಾಗಗಳ ಅಭಾವ ಎಂದು ಗಂಟಲು ಸರಿಮಾಡಿಕೊಂಡು ವಿವರಿಸುತ್ತಾರೆ. ವಿವರಿಸಲಿ, ಬೇಡ ಅಂದವರು ಯಾರು? ಆದರೆ ಈ ಊರಿನ ವಿಮಾನದ ಮಾತು ಬಂದಾಗ ಮಾತ್ರ ಅವರು ಸುಮ್ಮನೆ ಕೂತು ಕೇಳಿಸಿಕೊಳ್ಳಬೇಕು. ಇಲ್ಲಿನ ಕಂಪನಿ ಮೊದಲು ಮುಗ್ಗರಿಸಿದ್ದು ಒಂದು ಕರವಸ್ತ್ರಕ್ಕೆ. ಒಗೆದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದ ಕರವಸ್ತ್ರ. ಅದು ಯಾರಿಗೂ ಕೇಡು ಬಯಸಿದ್ದಲ್ಲ.

ಅದನ್ನು ಇಟ್ಟವನು ಕುಶನ್ ಮೇಸ್ತ್ರಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಗೋಡೆಗೆ ಒರಗಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಫೋಮಿನ ಹಾಳೆಗಳು, ನಡುವೆ ಒಂದು ಭಾರಿ ಹೊಲಿಗೆ ಮೆಷಿನ್. ಊರಿನ ಬಸ್ಸು, ಸೋಫಾ, ಕ್ಷೌರದಂಗಡಿಯ ಕುರ್ಚಿ, ಹಲ್ಲಿನ ಡಾಕ್ಟರ ಕುರ್ಚಿ ಎಲ್ಲದರ ಮೇಲೂ ಅವನದೇ ಹೊಲಿಗೆ. ಕೆಲಸದಲ್ಲಿ ಬಲು ಅಚ್ಚುಕಟ್ಟು. ತೊಂದರೆ ಒಂದೇ, ಅವನಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಅದಕ್ಕೆ ಅವನ ಕಸುಬೇ ಕಾರಣ. ಕುಶನ್ ಕೆಲಸದವರು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಒಂದೊಂದನ್ನೇ ತೆಗೆದು ಬಡಿಯುತ್ತಾರೆ. ಬಾಯಿ ತುಂಬ ಮೊಳೆ ಇರುವವನು ಹೂಂ ಎಂದು ತಲೆ ಆಡಿಸಬಹುದೇ ಹೊರತು ಕಾರಣ ವಿವರಿಸಲಾರ. ಇದು ಊರಿಗೆಲ್ಲ ಗೊತ್ತಿತ್ತು. ಉಪಕಾರ ಕೇಳುವವರು ಅಂಗಡಿಯಿಂದ ಸುತ್ತಿಗೆಯ ಸದ್ದು ಕೇಳಿಸುವ ಹೊತ್ತು ನೋಡಿಕೊಂಡೇ ಬರುತ್ತಿದ್ದರು.

ಇಡೀ ಊರು ಅವನ ಸೀಟಿನ ಮೇಲೆ ಕೂತು ಮೆಚ್ಚಿಕೊಂಡಿದ್ದರೂ ಅವನ ಅತ್ತೆ ಮೆಚ್ಚಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ಅತ್ತೆಗೆಂದು ಒಂದು ಸೋಫಾ ಮಾಡಿಕೊಟ್ಟಿದ್ದ. ನೆಂಟರೆಲ್ಲ ಸೇರಿದ್ದ ದಿನ ಅತ್ತೆ ಅದರ ಮೇಲೆ ಗತ್ತಿನಿಂದ ಕೂತರು. ಒಳಗಿನ ಸ್ಪ್ರಿಂಗು ಅದೇ ಗತ್ತಿನಿಂದ ಹೊರಗೆ ಬಂತು. ಆವತ್ತಿನಿಂದ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡಿದವರಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಗಳ ಆರೈಕೆ ಬೇಕೆಂದು ಅಳಿಯನ ಮನೆಗೇ ಬಂದು ಇದ್ದರು. ಆಗಲೂ ಮಾತಿಲ್ಲ. ಅಳಿಯ ಎದುರಿಗೇ ನಿಂತಿರುತ್ತಿದ್ದ. ಅತ್ತೆ ಮಗಳ ಕಡೆ ತಿರುಗಿ, “ನಿನ್ನ ಗಂಡನಿಗೆ ಹೇಳೇ, ಫ್ಯಾನ್ ಸ್ವಲ್ಪ ನಿಧಾನ ಮಾಡ್ಲಿ” ಎನ್ನುತ್ತಿದ್ದರು. ಮಗಳು ಗಂಡನ ಕಡೆ ತಿರುಗಿ, “ರೀ, ಫ್ಯಾನ್ ನಿಧಾನ ಮಾಡ್ಬೇಕಂತೆ” ಎನ್ನುತ್ತಿದ್ದಳು. ಮೇಸ್ತ್ರಿ ಫ್ಯಾನ್ ನಿಧಾನ ಮಾಡುತ್ತಿದ್ದ.

ಇಂಥ ಸಮಯದಲ್ಲಿ ಊರಿಗೆ ವಿಮಾನ ಬಂತು. ಊರಾಚೆ ಯಾವ ಕಾಲದಲ್ಲೋ ಮಾಡಿಟ್ಟ ರನ್‌ವೇ ಮೇಲೆ ಹುಲ್ಲು ಬೆಳೆದಿತ್ತು. ಅದನ್ನು ಕೆರೆದು, ಒಂದು ಶೆಡ್ಡಿಗೆ ಸುಣ್ಣ ಬಳಿದು, ಹೊಸ ಕಂಪನಿಯವರು ಬೆಟ್ಟಸಾಲಿನ ಆಚೆಯ ಪಟ್ಟಣಕ್ಕೆ ವಿಮಾನ ಬಿಡುತ್ತೇವೆ ಎಂದರು. ದರ ಬಸ್ಸಿಗಿಂತ ಕೊಂಚವೇ ಜಾಸ್ತಿ. ಅಷ್ಟು ಅಗ್ಗಕ್ಕೆ ಹೇಗೆ ಎಂದರೆ ಎಲ್ಲದರಲ್ಲೂ ಉಳಿತಾಯ. ಊಟವಿಲ್ಲ, ನೀರಿಲ್ಲ, ಟಿಕೆಟ್ಟಿನ ಮೇಲೆ ಹೆಸರಿಲ್ಲ, ಸೀಟಿಗೆ ನಂಬರಿಲ್ಲ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರನ್ನು ಕಡಿಮೆ ಮಾಡಬಹುದೇ ಎಂದೂ ವಿಚಾರಿಸಿದ್ದರಂತೆ, ಸರ್ಕಾರ ಒಪ್ಪಲಿಲ್ಲವಂತೆ. ಇರುವ ಒಂದೇ ವಿಮಾನವೂ ಬೇರೆ ಯಾರೋ ಬಳಸಿ ಬಿಟ್ಟದ್ದು. ಅದರ ಸೀಟುಗಳನ್ನು ನೋಡಿದರೆ ಹಿಂದಿನ ಪ್ರಯಾಣಿಕರು ಉಗುರು ಬೆಳೆಸಿಕೊಂಡವರಾಗಿದ್ದರು ಎಂದು ಹೇಳಬಹುದಿತ್ತು.

ಟೈ ಕಟ್ಟಿದ ಮ್ಯಾನೇಜರು ಅಂಗಡಿಗೆ ಬಂದಾಗ ಮೇಸ್ತ್ರಿಯ ಬಾಯಲ್ಲಿ ಮೊಳೆ.

“ಬಸ್ ಸೀಟು ಹೊಲೀತೀರಾ?”

ಮೇಸ್ತ್ರಿ ತಲೆಯಾಡಿಸಿದ.

“ವಿಮಾನದ್ದು?”

ತಲೆ ಅದರ ಪಾಡಿಗೆ ಅದು ಆಡಿತು. ಹೀಗೆ ಕುಶನ್ ಮೇಸ್ತ್ರಿ ವಿಮಾನಯಾನ ಕ್ಷೇತ್ರವನ್ನು ಪ್ರವೇಶಿಸಿದ.

ಆವತ್ತು ಸಂಜೆ ಮನೆಯಲ್ಲಿ ಫೋನ್ ಬಂತು. ಅತ್ತೆಯ ಅಕ್ಕನದು. ಅವರು ಇದ್ದದ್ದು ಬೆಟ್ಟದಾಚೆಯ ಅದೇ ಪಟ್ಟಣದಲ್ಲಿ. ಅಕ್ಕನಿಗೆ ಕಣ್ಣು ಮಂಜಾಗುತ್ತ ಬಂದಿತ್ತು, ಇತ್ತ ತಂಗಿಗೆ ಸೊಂಟ. ಒಬ್ಬರನ್ನೊಬ್ಬರು ನೋಡಿ ವರ್ಷಗಳಾಗಿದ್ದವು. ಫೋನು ಮೇಜಿನ ಮೇಲಿತ್ತು, ದನಿ ಎಲ್ಲರಿಗೂ ಕೇಳುತ್ತಿತ್ತು.

“ಡಾಕ್ಟ್ರು ಇನ್ನು ಏನೂ ಮಾಡೋಕಾಗಲ್ಲ ಅಂದ್ರು ಕಣೇ,” ಎಂದರು ಅಕ್ಕ. “ಈಗ ಬಾಗಿಲು ಕಾಣತ್ತೆ, ಬಾಗಿಲಲ್ಲಿ ನಿಂತೋರು ಯಾರು ಅಂತ ಕಾಣಲ್ಲ. ತೀರಾ ಹತ್ರ ಬಂದ್ರೆ ಮುಖ ಗೊತ್ತಾಗತ್ತೆ. ಪೂರ್ತಿ ಕತ್ತಲಾಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು. ನೀನು ಹತ್ರ ಬರ್ಬೇಕು.”

ಫೋನು ಮುಗಿಯಿತು. ಅತ್ತೆ ಸೆರಗಿನಿಂದ ಫೋನನ್ನೇ ಒರೆಸುತ್ತ ಕೂತರು.

“ನಾನು ಕರ್ಕೊಂಡು ಹೋಗ್ತೀನಿ ಅಂದ್ರೆ ಅಮ್ಮನೇ ಬೇಡ ಅಂತಾಳೆ,” ಎಂದ ಭಾವ. ಮೇಸ್ತ್ರಿಯ ಹೆಂಡತಿಗೆ ಅಣ್ಣ ಇವನು, ಶಾಲೆ ಮಕ್ಕಳನ್ನು ಸಾಗಿಸುವ ವ್ಯಾನಿನ ಮಾಲೀಕ. ದಿನಾ ಸಂಜೆ ಬಂದು, ಅತ್ತೆಯದು ಬಿಟ್ಟರೆ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದ. ಊರಿಗೆಲ್ಲ ಸೀಟು ಹೊಲಿಯುವ ಮೇಸ್ತ್ರಿ ತನ್ನ ಮನೆಯಲ್ಲಿ ಹೊಸ್ತಿಲ ಮೇಲೆ ಕೂರುತ್ತಿದ್ದ.

“ನಿನ್ನ ವ್ಯಾನಲ್ಲಿರೋದು ಸೀಟಲ್ಲ, ಹಲಗೆ,” ಎಂದರು ಅತ್ತೆ. “ಹೋದ್ಸಲ ಆಸ್ಪತ್ರೆಗೆ ಹೋಗಿ ಬರೋಷ್ಟರಲ್ಲೇ ಜೀವ ಹೋಗಿತ್ತು.”

“ಮೆತ್ತಗೆ ಮಾಡಿಸಿದ್ರೆ ಮಕ್ಕಳು ನಿದ್ದೆ ಮಾಡ್ತಾವಮ್ಮ. ಶಾಲೆಗೆ ಹೋಗೋ ಮಕ್ಕಳು ಎಚ್ಚರವಾಗಿರ್ಬೇಕು.”

ಆಗ ಹೊಸ್ತಿಲ ಮೇಲಿದ್ದ ಮೇಸ್ತ್ರಿಗೆ ಏನಾಯಿತೋ, ಬಾಯಲ್ಲಿ ಮೊಳೆ ಬೇರೆ ಇರಲಿಲ್ಲ. “ನಾನು ವಿಮಾನದಲ್ಲಿ ಕರ್ಕೊಂಡು ಹೋಗ್ತೀನಿ,” ಎಂದುಬಿಟ್ಟ. “ನಮ್ಮ ಕಂಪನಿ ವಿಮಾನ. ಮೊದಲನೇ ದಿನಾನೇ.”

“ನಮ್ಮ ಕಂಪನಿಯಂತೆ!” ಭಾವ ನಕ್ಕ ನಗೆಗೆ ಕುರ್ಚಿ ಕಿರುಗುಟ್ಟಿತು. “ಇನ್ನೂ ಸೂಜಿಗೆ ದಾರ ಪೋಣಿಸಿಲ್ಲ, ಆಗಲೇ ಕಂಪನಿ ನಮ್ಮದು!”

ಅತ್ತೆ ಮಗಳ ಕಡೆ ತಿರುಗಿದರು. “ಕಿಟಕಿ ಪಕ್ಕ ಸಿಗತ್ತಾ ಅಂತ ಕೇಳೇ ನಿನ್ನ ಗಂಡನ್ನ. ನಂಗೆ ಗಾಳಿ ಬೇಕು.”

“ಸಿಗತ್ತೆ ಅಂತ ಹೇಳು,” ಎಂದ ಮೇಸ್ತ್ರಿ. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲ ಎಂದು ಆವತ್ತು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೀಟಿಗೆ ನಂಬರಿಲ್ಲ, ಮೊದಲು ಬಂದವರಿಗೆ ಮೊದಲು ಎಂದು ಮ್ಯಾನೇಜರು ಹೇಳಿದ್ದ. ಕುಂಟುವ ಅತ್ತೆ ಮೊದಲು ಹತ್ತುವ ಮಾತೆಲ್ಲಿ ಬಂತು? ಆದರೆ ಜೀವಮಾನವಿಡೀ ಬಸ್ ನಿಲ್ದಾಣದ ಹಿಂದೆ ಬಾಳಿದವನಿಗೆ ಇಂಥ ಸಮಯದಲ್ಲಿ ಏನು ಮಾಡಬೇಕೆಂದು ಯಾರೂ ಕಲಿಸಬೇಕಿರಲಿಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆ ಕೊನೆಯ ಕವರುಗಳನ್ನು ತೊಡಿಸಲು ಅವನು ವಿಮಾನದೊಳಗೆ ಹೋಗಬೇಕಿತ್ತು. ಅತ್ತೆಯ ಕರವಸ್ತ್ರ ಒಂದನ್ನು ಜೇಬಿಗೆ ಹಾಕಿಕೊಂಡು ಹೊರಟ.

ಬಾಗಿಲಲ್ಲೇ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಸಿಕ್ಕರು. ಬೀದಿಯಲ್ಲಿ ಯಾರ ಜೇಬಿನಲ್ಲಿ ಏನಿದೆ ಎಂದು ತಿಳಿಯದಿದ್ದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಏನಪ್ಪಾ ಮೇಸ್ತ್ರಿ, ಕರ್ಚೀಫು ಇಸ್ತ್ರಿಯಾಗಿದೆ?”

ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೆಡ್‌ಮಾಸ್ತರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. “ಒಂದ್ನಿಮಿಷ ನಿಲ್ಲು” ಎಂದು ಒಳಗೆ ಹೋಗಿ ತಮ್ಮ ದೊಡ್ಡ ಟವೆಲ್ ತಂದು ಅವನ ಹೆಗಲಿಗೆ ಹಾಕಿದರು. “ಮುಂದಿನ ಸಾಲಲ್ಲಿ ಹಾಕು. ಹಿಂದೆ ಕೂತ್ರೆ ಎತ್ತಾಕತ್ತೆ.”

ಎದುರುಮನೆಗೆ ತಿಳಿದದ್ದು ಪಕ್ಕದ ಮನೆಗೆ ತಿಳಿಯದೆ ಇರುತ್ತದೆಯೇ? ಔಷಧಿ ಅಂಗಡಿಯವರು ಗಂಡ ಹೆಂಡತಿಗೆಂದು ಎರಡು ಕರವಸ್ತ್ರ ಕೊಟ್ಟರು. ಕ್ಷೌರದಂಗಡಿಯವನು ಗಿರಾಕಿಯ ಕೊರಳಿನಿಂದಲೇ ಬಿಳಿಬಟ್ಟೆ ಬಿಚ್ಚಿಕೊಟ್ಟ. ಗಣಿತದ ಟೀಚರು ಮಫ್ಲರ್ ಕಳಿಸಿದರು. ಹಿಟ್ಟಿನ ಗಿರಣಿಯವನು ಟವೆಲ್ ಇಲ್ಲವೆಂದು ಒಂದು ಖಾಲಿ ಚೀಲವನ್ನೇ ಕೊಟ್ಟ. ಮೇಸ್ತ್ರಿ ಬೀದಿ ದಾಟುವಷ್ಟರಲ್ಲಿ ಬಟ್ಟೆ ಒಗೆಯಲು ಹೊರಟವನಂತೆ ಕಾಣುತ್ತಿದ್ದ. ಇವರಲ್ಲಿ ಎಷ್ಟು ಜನರ ಹತ್ತಿರ ಟಿಕೆಟ್ ಇದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವರು ನಗುತ್ತಿದ್ದರು. ಬಸ್ಸಿನಲ್ಲಿ ಮೊದಲು ಜಾಗ ಹಿಡಿಯುವುದು, ಆಮೇಲೆ ಒಳಗೆ ಕಂಡಕ್ಟರ್ ಬಂದಾಗ ಟಿಕೆಟ್ ತೆಗೆದುಕೊಳ್ಳುವುದು. ಪ್ರಯಾಣವೆಂದರೆ ಹಾಗೆಯೇ ಎಂದು ಅವರು ಹುಟ್ಟಿದಾಗಿನಿಂದ ನಂಬಿದ್ದರು.

ಮೇಸ್ತ್ರಿ ಮೂರನೇ ಸಾಲಿನ ಕಿಟಕಿ ಪಕ್ಕ ಅತ್ತೆಯ ಕರವಸ್ತ್ರ ಇಟ್ಟ. ಉಳಿದವನ್ನು ಅವರವರ ವಯಸ್ಸು, ಮರ್ಯಾದೆ ನೋಡಿ ಹರಡಿದ. ಎಲ್ಲ ಸೀಟೂ ತುಂಬಿದವು. ಗಗನಸಖಿ ಬಂದು ನೋಡಿ, ಕಂಪನಿಯವರು ಪ್ರಯಾಣಿಕರಿಗೆ ಕೈ ಒರೆಸಲು ಬಟ್ಟೆ ಇಟ್ಟಿದ್ದಾರೆ, ಅಂತೂ ಒಂದು ಸೌಕರ್ಯವಾದರೂ ಇದೆಯಲ್ಲ ಎಂದು ಸಂತೋಷಪಟ್ಟಳು. ಗಿರಣಿಯವನ ಚೀಲವನ್ನು ಮಾತ್ರ ಎರಡು ಸಲ ನೋಡಿದಳು.

ಮುಂದೆ ನಡೆದದ್ದನ್ನು ಗಂಭೀರವಾಗಿ ಹೇಳಬೇಕು, ಯಾಕೆಂದರೆ ಅದು ಸರ್ಕಾರಿ ವಿಚಾರಣೆಯವರೆಗೂ ಹೋಯಿತು.

ಟಿಕೆಟ್ ಇದ್ದವರು ಸಾಲಾಗಿ ಹತ್ತಿದರು. ಹತ್ತಿದವರು ನಿಂತರು. ಪ್ರತಿ ಸೀಟಿನ ಮೇಲೂ ಒಂದು ಬಟ್ಟೆ! ಇನ್ನೊಬ್ಬರು ಹಾಕಿದ ಟವೆಲ್ ಎತ್ತಿ ಕೂರುವ ನಾಚಿಕೆಗೆಟ್ಟ ಕೆಲಸ ಆ ಊರಿನಲ್ಲಿ ಕಳ್ಳರೂ ಮಾಡುತ್ತಿರಲಿಲ್ಲ. ಹಿಂದಿನವರು ಮುಂದಿನವರನ್ನು ತಳ್ಳಿದರು, ನಡುವಿನ ದಾರಿ ತುಂಬಿತು. ಕೂತಿದ್ದವರು ಇಬ್ಬರೇ. ಟಿಕೆಟ್ಟೂ ಕರವಸ್ತ್ರವೂ ಎರಡೂ ಇದ್ದ ಅತ್ತೆ, ಮತ್ತು ಪಕ್ಕದಲ್ಲಿ ಮೇಸ್ತ್ರಿ. ಅತ್ತೆ ಬೆಲ್ಟು ಬಿಗಿದುಕೊಂಡು ಕೈಚೀಲ ಅಪ್ಪಿಕೊಂಡು ಹೊರಗೆ ನೋಡುತ್ತಿದ್ದರು. ವಿಮಾನ ಇನ್ನೂ ನೆಲದ ಮೇಲೇ ಇತ್ತು, ಮುಖದಲ್ಲಿ ಮಾತ್ರ ಆಗಲೇ ಬೆಟ್ಟ ದಾಟಿದ ಕಳೆ.

ಉದ್ಘಾಟನೆಗೆ ಬಂದಿದ್ದ ಮುಖ್ಯ ಅತಿಥಿಗಳೂ ನಿಂತಿದ್ದರು. ಅವರಿಗೆ ಮೀಸಲಿದ್ದ ಸೀಟಿನ ಮೇಲೆ ಹೆಡ್‌ಮಾಸ್ತರ ಟವೆಲ್ ಇತ್ತು. ಅವರೂ ಆ ಊರಿನಲ್ಲೇ ಹುಟ್ಟಿ ಬೆಳೆದವರು, ಎತ್ತಲು ಅವರಿಗೂ ಕೈ ಬರಲಿಲ್ಲ. “ಮೇಲೆ ಹಿಡ್ಕೊಳ್ಳೋಕೆ ಕಂಬಿ ಇಲ್ವಲ್ರೀ ಇದ್ರಲ್ಲಿ!” ಎಂದು ಮಾತ್ರ ಗೊಣಗಿದರು.

ಪೈಲಟ್ ಹೊರಗೆ ಬಂದ. “ಎಲ್ಲರೂ ಕೂತ್ಕೊಳ್ಳಿ.”

“ಜಾಗ ಇಲ್ಲ ಸಾರ್.”

“ಎಲ್ಲ ಸೀಟೂ ಖಾಲಿ ಇದಾವಲ್ರೀ!”

“ಖಾಲಿ ಎಲ್ಲಿ ಸಾರ್? ಜನ ಇದಾರೆ, ಬಂದಿಲ್ಲ ಅಷ್ಟೇ.”

ಆ ಜನ ಗೇಟಿನ ಹೊರಗಿದ್ದರು. ಪೊಲೀಸಿನವನು ಟಿಕೆಟ್ ಕೇಳುತ್ತಿದ್ದ. ಹೆಡ್‌ಮಾಸ್ತರು ತಮ್ಮ ತರಗತಿಯ ದನಿಯಲ್ಲಿ ಗುಡುಗುತ್ತಿದ್ದರು. “ಟಿಕೆಟ್ ಒಳಗೆ ತಗೊಳ್ತೀನಯ್ಯಾ! ನನ್ನ ಟವೆಲ್ ಒಳಗೆ ಹೋಗಿ ಒಂದು ಗಂಟೆಯಾಯ್ತು, ನಾನು ಹೊರಗಿರೋದು ಯಾವ ನ್ಯಾಯ? ಕಂಡಕ್ಟರನ್ನ ಕರಿ!”

ಸುರಕ್ಷತೆಯ ತಪಾಸಣಾಧಿಕಾರಿ ಮುಖ ಗಂಟಿಕ್ಕಿಕೊಂಡು ವಿಮಾನ ಹತ್ತಿದರು, ಇನ್ನಷ್ಟು ಗಂಟಿಕ್ಕಿಕೊಂಡು ಇಳಿದರು. ಇದಕ್ಕೆಲ್ಲ ಯಾರು ಹೊಣೆ ಎಂದು ಕೇಳಿದರು. ಮ್ಯಾನೇಜರು ಮೇಸ್ತ್ರಿಯನ್ನು ತೋರಿಸಿದ.

“ಕಂಪನಿಯಲ್ಲಿ ನೀನೇನು?”

“ಸೀಟು ಸಾರ್.”

“ಎಷ್ಟು ಸೀಟು?”

“ಎಲ್ಲಾನೂ ನಂದೇ ಸಾರ್.”

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಡೀ ಕಂಪನಿಯ ಒಡೆಯನೇ ಇವನಿರಬೇಕು, ಸಾದಾ ಮನುಷ್ಯ ಎಂದು ತಿಳಿದು, ಆಮೇಲಿನ ಬೈಗುಳವನ್ನೆಲ್ಲ ಬಹುವಚನದಲ್ಲಿ ಬೈದರು. ಸೀಟಿಗೆ ನಂಬರ್ ಬರುವ ತನಕ ವಿಮಾನ ಏಳುವಂತಿಲ್ಲ ಎಂದು ಅಪ್ಪಣೆಯಾಯಿತು. ಮೇಸ್ತ್ರಿ ಅತ್ತೆಯನ್ನು ಇಳಿಸಿಕೊಂಡು ಬಂದ. ಇಳಿಯುವಾಗ ಅವರು ತಮ್ಮ ಕರವಸ್ತ್ರವನ್ನು ಮರೆಯದೆ ಎತ್ತಿಕೊಂಡರು.

ಮೇಸ್ತ್ರಿ ಕೂತು ನಂಬರುಗಳನ್ನು ಹೊಲಿದ. ಅಭ್ಯಾಸಬಲದಿಂದ ಮೊದಲ ಸಾಲಿಗೆ ‘ಮಹಿಳೆಯರಿಗೆ’ ಎಂದೂ, ಬಾಗಿಲ ಪಕ್ಕದ ಸೀಟಿಗೆ ‘ಕಂಡಕ್ಟರ್’ ಎಂದೂ ಹೊಲಿದ. ಮ್ಯಾನೇಜರಿಗೆ ಬಿಚ್ಚಿಸಲು ಪುರಸೊತ್ತಿರಲಿಲ್ಲ. ವಿಮಾನ ಹಾರತೊಡಗಿತು. ನಿಜವಾಗಿಯೂ ಹಾರಿತು! ಬೆಳಿಗ್ಗೆ ಹೋಗಿ ಸಂಜೆ ಬರುತ್ತಿತ್ತು. ಜನ ಮಾಳಿಗೆ ಹತ್ತಿ ನೋಡುತ್ತಿದ್ದರು, ‘ನಮ್ಮ ಮೇಸ್ತ್ರಿ ವಿಮಾನ’ ಎನ್ನುತ್ತಿದ್ದರು. ಮೇಸ್ತ್ರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಅತ್ತೆಗೂ ಅವನಿಗೂ ಮುಂದಿನ ವಾರದ ಟಿಕೆಟ್ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ಸುತ್ತಿಗೆಯ ಸದ್ದು ಕೇಳುತ್ತಿದ್ದಾಗ ಔಷಧಿ ಅಂಗಡಿಯವರು ಓಡಿ ಬಂದರು.

“ಬೆಟ್ಟದಾಚೆ ಇರೋ ಮಗಳಿಗೆ ನೋವು ಬಂದಿದೆಯಂತೆ ಮೇಸ್ತ್ರಿ! ಮೊದಲನೇ ಹೆರಿಗೆ. ಟಿಕೆಟ್ಟೆಲ್ಲ ಖಾಲಿ ಅಂತಾರೆ. ನಿಮ್ಮದೆರಡು ಕೊಡ್ತೀರಾ? ನಿಮ್ಮದೇ ಕಂಪನಿ, ಯಾವಾಗ ಬೇಕಾದ್ರೂ ಹೋಗ್ಬಹುದು.”

ಬಾಯಲ್ಲಿ ಮೊಳೆ. ತಲೆ ಆಡಿತು. ಅತ್ತೆಗೆ ಸುದ್ದಿ ಹೇಳಿದಾಗ ಅವರು ಕಟ್ಟಿದ್ದ ಚೀಲವನ್ನು ಬಿಚ್ಚುತ್ತ, “ಹೆರಿಗೆ ಕಾಯಲ್ಲ, ಸರಿಯಾಗೇ ಮಾಡಿದ ಅಂತ ಹೇಳೇ ನಿನ್ನ ಗಂಡನಿಗೆ,” ಎಂದರು.

ಇನ್ನೊಂದು ವಾರ. ಹೆಡ್‌ಮಾಸ್ತರು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತರು. “ಅಲ್ಲಿ ನನ್ನ ಹಳೇ ವಿದ್ಯಾರ್ಥಿಗಳು ಸನ್ಮಾನ ಇಟ್ಕೊಂಡಿದಾರಪ್ಪಾ. ನಾನು ಬಸ್ಸಲ್ಲಿ ಹೋಗಿ ಇಳಿದ್ರೆ ಏನು ಮರ್ಯಾದೆ? ವಿಮಾನದಿಂದ ಇಳಿದ್ರೆ ಅದರ ಗತ್ತೇ ಬೇರೆ. ಒಂದೇ ಟಿಕೆಟ್ ಸಾಕು.”

ಒಂದು ಕೊಟ್ಟರೆ ಅತ್ತೆ ಒಬ್ಬರೇ ಹೋಗಲಾರರು. ಮೇಸ್ತ್ರಿಗೆ ಇದು ಗೊತ್ತಿತ್ತು. ಕಣ್ಣಿನಲ್ಲಿ ‘ಬೇಡ ಮೇಷ್ಟ್ರೇ’ ಎಂದು ಹೇಳಲು ನೋಡಿದ. ಹೆಡ್‌ಮಾಸ್ತರಿಗೆ ಕನ್ನಡಕ ಇರಲಿಲ್ಲವೋ ಏನೋ, ಓದಲಿಲ್ಲ. ತಲೆ ಆಡಿತು.

ಈ ಸಲ ಅತ್ತೆ ಏನೂ ಹೇಳಿ ಕಳಿಸಲಿಲ್ಲ. ಚೀಲವನ್ನೂ ಬಿಚ್ಚಲಿಲ್ಲ. ಮಂಚದ ಕಾಲಿಗೆ ಒರಗಿಸಿ ಇಟ್ಟರು. ಹೆಂಡತಿ ಮಾತ್ರ ಒಳಗೆ ಕರೆದು, ದನಿ ತಗ್ಗಿಸಿ, “ರೀ, ದೊಡ್ಡಮ್ಮ ಫೋನಲ್ಲಿ ಏನಂದ್ರು ಗೊತ್ತಾ? ಈಗ ಬಾಗಿಲೂ ಮಸುಕಾಗಿದೆಯಂತೆ,” ಎಂದಳು. ಮೇಸ್ತ್ರಿಗೆ ಆವತ್ತು ಊಟ ಸೇರಲಿಲ್ಲ. ಊರಿಗೆಲ್ಲ ಒಳ್ಳೆಯವನಾಗಲು ಹೋಗಿ ಮನೆಯ ಮುದುಕಿಗೆ ಅನ್ಯಾಯ ಮಾಡಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಮೂರನೇ ಸಲ ಯಾರಿಗೂ ಹೇಳದೆ, ಅಂಗಡಿಯ ಬಾಗಿಲು ಹಾಕಿ, ಅತ್ತೆಯನ್ನು ಕರೆದುಕೊಂಡು ಹೊರಟ. ಶೆಡ್ಡಿಗೆ ಬೀಗ ಬಿದ್ದಿತ್ತು. ವಿಮಾನ ದೂರದಲ್ಲಿ ಬಿಸಿಲು ಕಾಯುತ್ತ ನಿಂತಿತ್ತು. ಒಬ್ಬ ಕಾವಲುಗಾರ ಮೆಟ್ಟಿಲ ಮೇಲೆ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ.

“ಕಂಪನಿ ಮುಗೀತು,” ಎಂದ. “ಪೈಲಟ್‌ಗಳು ಬೇರೆ ಕಡೆ ಸೇರ್ಕೊಂಡ್ರು. ಎಣ್ಣೆ ಕೊಡೋರು ಕೊಡಲ್ಲ ಅಂದ್ರು. ಮ್ಯಾನೇಜರು ನಿನ್ನೆ ಟೈ ಬಿಚ್ಚಿ ಜೇಬಿಗೆ ಹಾಕ್ಕೊಂಡು ಬಸ್ ಹತ್ತಿದ್ರು.”

ಅತ್ತೆ ಅಲ್ಲೇ ಇದ್ದ ಸಿಮೆಂಟು ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ವಿಮಾನವನ್ನೇ ನೋಡಿದರು. ತಿಳಿಸಲು ಪಕ್ಕದಲ್ಲಿ ಮಗಳಿರಲಿಲ್ಲ. ಹಾಗಾಗಿ ಕಾವಲುಗಾರನ ಕಡೆ ತಿರುಗಿ, “ಮನೆಗೆ ಹೋಗೋಣ ಅಂತ ಹೇಳಪ್ಪಾ ಅವ್ರಿಗೆ,” ಎಂದರು. ಕಾವಲುಗಾರ ಮೇಸ್ತ್ರಿಗೆ ಹೇಳಿದ.

ಮರುದಿನದಿಂದ ವಾರವಿಡೀ ಅಂಗಡಿಯ ಮುಂದೆ ಜನವೋ ಜನ. ಕಂಪನಿಗೆ ಬೀಗ, ಮ್ಯಾನೇಜರಿಲ್ಲ, ಉಳಿದವನು ಮೇಸ್ತ್ರಿಯೊಬ್ಬನೇ. ‘ನಮ್ಮ ಕಂಪನಿ’ ಎಂದದ್ದು ಯಾರು? ‘ನಮ್ಮ ಮೇಸ್ತ್ರಿ ವಿಮಾನ’ ಎಂದಾಗ ಮೀಸೆಯಲ್ಲೇ ನಕ್ಕದ್ದು ಯಾರು? ಗಣಿತದ ಟೀಚರು ಟಿಕೆಟ್ ಆಡಿಸಿ ಲೆಕ್ಕ ಕೇಳಿದರು. ಒಬ್ಬ ತನ್ನ ಪೆಟ್ಟಿಗೆ ವಿಮಾನದಲ್ಲೇ ಉಳಿದಿದೆ, ಹೋಗಿ ತಾ ಎಂದ. ಗಿರಣಿಯವನಿಗೆ ಚೀಲ ವಾಪಸ್ ಬೇಕಿತ್ತು. ಎಲ್ಲರ ಬೈಗುಳವನ್ನೂ ಮೇಸ್ತ್ರಿ ತಲೆ ತಗ್ಗಿಸಿ ಕೇಳಿದ, ಆ ಕಂಪನಿ ತನಗೇ ಕೈಕೊಟ್ಟಿದೆ ಎಂದು ಒಂದು ಮಾತೂ ಆಡಲಿಲ್ಲ. ಸಾಕಾಗಿ ಜನ ಚದುರಿದ ಮೇಲೆ ಅಂಗಡಿ ಮುಚ್ಚಿ ನೇರ ಗುಜರಿಯವನ ಹತ್ತಿರ ನಡೆದ. ವಿಮಾನವನ್ನು ಕೊನೆಗೆ ಕೊಂಡವನು ಅವನೇ. ರನ್‌ವೇ ಮೇಲೆ ಗುಜರಿಯವನ ಆಳುಗಳು ಆಗಲೇ ಬಿಚ್ಚತೊಡಗಿದ್ದರು.

“ನಂಗೆರಡು ಸೀಟು ಬೇಕು.”

“ಸೀಟಿಗೆ ಸಿನಿಮಾ ಥಿಯೇಟರಿನವರು ಹೇಳಿಟ್ಟಿದಾರಪ್ಪಾ. ರೆಕ್ಕೆ ಬೇಕಾದ್ರೆ ತಗೊಂಡ್ಹೋಗು. ರೆಕ್ಕೆಗೆ ಯಾರೂ ಬಂದಿಲ್ಲ.”

“ನಿನ್ನ ಮನೆ ಸೋಫಾ, ಕುರ್ಚಿ, ಹಾಸಿಗೆ, ಎಲ್ಲ ನಾನು ಹೊಸದು ಮಾಡಿಕೊಡ್ತೀನಿ. ನಂಗೆ ಮೂರನೇ ಸಾಲಿನ ಕಿಟಕಿ ಪಕ್ಕದ ಜೋಡಿ ಬೇಕೇಬೇಕು.”

ಗುಜರಿಯವನು ಅವನ ಮುಖ ನೋಡಿದ. ಆಮೇಲೆ ಏನೂ ಕೇಳದೆ ಸ್ಪ್ಯಾನರ್ ಕೊಟ್ಟ.

ಸೀಟುಗಳನ್ನು ತಳ್ಳುಗಾಡಿಯಲ್ಲಿಟ್ಟು ಭಾವನ ಮನೆಗೆ ಬಂದಾಗ ಭಾವ ವ್ಯಾನ್ ತೊಳೆಯುತ್ತಿದ್ದ.

“ಇದೇನು ಮೇಸ್ತ್ರಿ? ಕಂಪನಿ ಮುಳುಗಿದ್ರೂ ನಿನ್ನ ಜಂಬ ಮುಳುಗ್ಲಿಲ್ವಾ?”

“ಭಾವ, ನಿಮ್ಮ ವ್ಯಾನಿನ ಹಲಗೆ ಬಿಚ್ಚಿ ಇದನ್ನ ಕೂರಿಸ್ಬೇಕು. ಅತ್ತೇನ ನಾಳೆ ಕರ್ಕೊಂಡು ಹೋಗೋಣ. ನೀವು ನಿಧಾನ ಓಡಿಸ್ಬೇಕು, ಅಷ್ಟೇ.”

ಭಾವನ ಬಾಯಿಗೆ ಇನ್ನೊಂದು ಕುಹಕ ಬಂದಿತ್ತು. ಯಾಕೋ ಹೊರಗೆ ಬರಲಿಲ್ಲ. ತಾಯಿಯ ಸೊಂಟಕ್ಕಿಂತ ಮಕ್ಕಳ ನಿದ್ದೆ ದೊಡ್ಡದಾಗಿತ್ತಲ್ಲ ಎಂದು ಅವನಿಗೂ ಒಳಗೊಳಗೇ ಚುಚ್ಚುತ್ತಿದ್ದಿರಬೇಕು. ಬಕೆಟ್ ಕೆಳಗಿಟ್ಟು, “ಆ ಸ್ಪ್ಯಾನರ್ ಈ ಕಡೆ ಕೊಡು,” ಎಂದು ಹಲಗೆಯನ್ನು ತಾನೇ ಬಿಚ್ಚಿದ.

ಮಾರನೇ ಬೆಳಿಗ್ಗೆ ವ್ಯಾನು ಮನೆಯ ಮುಂದೆ ನಿಂತಿತು. ಒಳಗೆ ಕಿಟಕಿ ಪಕ್ಕ ಎರಡು ವಿಮಾನದ ಸೀಟು, ಬೆಲ್ಟಿನ ಸಮೇತ. ಮೇಸ್ತ್ರಿ ಅತ್ತೆಯ ನೋಯುವ ಮಗ್ಗುಲಿಗೆ ಮೆತ್ತನೆಯ ಫೋಮ್, ಇನ್ನೊಂದು ಮಗ್ಗುಲಿಗೆ ಗಟ್ಟಿಯದು ಇಟ್ಟು ಹೊಲಿದಿದ್ದ. ಕಾಲಿಡುವ ಕಡೆ ಕೊನೆಯ ಪಟ್ಟಿ ಬಡಿಯುತ್ತಿದ್ದಾಗ ನೆರಳು ಬಿತ್ತು. ಹೆಡ್‌ಮಾಸ್ತರು. ಹೊಸ ಕೋಟು ತೊಟ್ಟಿದ್ದರು. ಕಿಟಕಿಯಿಂದ ಕೈ ಹಾಕಿ ತಮ್ಮ ಟವೆಲನ್ನು ಎರಡನೇ ಸೀಟಿನ ಮೇಲೆ ಹಾಸಿದರು.

“ಆ ಕಡೆ ಹೋಗ್ತಿದೀಯಂತೆ. ಸನ್ಮಾನದ ಫೋಟೋ ಫ್ರೇಮ್ ಹಾಕಿಸ್ಬಿಟ್ಟಿದಾರಂತೆ, ಇಸ್ಕೊಂಡು ಬರ್ಬೇಕು. ನಾನೂ ಬರ್ತೀನಿ.”

ಬೀದಿಯವರೆಲ್ಲ ನೋಡುತ್ತಿದ್ದರು. ಅತ್ತೆ ಮಗಳ ಹೆಗಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೇಸ್ತ್ರಿಯ ಬಾಯಲ್ಲಿ ಮೊಳೆ ಇತ್ತು. ತಲೆ ಆಡುವುದನ್ನು ಎಲ್ಲರೂ ಕಾದರು.

ಅವನು ಸುತ್ತಿಗೆ ಕೆಳಗಿಟ್ಟ. ತುಟಿಯ ನಡುವಿನ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದ. ಟವೆಲನ್ನು ಎತ್ತಿ, ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಹೆಡ್‌ಮಾಸ್ತರಿಗೆ ಕೊಟ್ಟ.

“ಇಲ್ಲ ಮೇಷ್ಟ್ರೇ,” ಎಂದ. “ಅತ್ತೆ ಕಾಲು ಚಾಚ್ಕೋಬೇಕು.”

ಆ ಊರಿನಲ್ಲಿ ಹಾಕಿದ ಟವೆಲನ್ನು ಎತ್ತಿದವನು ಅವನೇ ಮೊದಲಿಗ. ಹೆಡ್‌ಮಾಸ್ತರು ಇಂಗು ತಿಂದ ಮಂಗನಂತಾದರು. ಆಮೇಲೆ ಸಾವರಿಸಿಕೊಂಡು, “ಹಾಗಾದ್ರೆ ಸರಿ, ಹುಷಾರಾಗಿ ಹೋಗಿಬನ್ನಿ,” ಎಂದು ಅದೇ ಟವೆಲಿನಿಂದ ಕೋಟಿನ ಧೂಳು ಒರೆಸಿಕೊಂಡರು.

ಭಾವ ಆವತ್ತು ಓಡಿಸಿದಷ್ಟು ನಿಧಾನ ಯಾವತ್ತೂ ಓಡಿಸಿರಲಿಲ್ಲ. ಸೈಕಲ್ಲುಗಳು ಹಿಂದೆ ಹಾಕಿ ಹೋದವು. ಬೆಟ್ಟದ ತಿರುವುಗಳಲ್ಲಿ ಅತ್ತೆ ಬೆಲ್ಟು ಕಟ್ಟಿಕೊಂಡು, ಕಿಟಕಿಯ ಗಾಜು ಸರಿಸಿ, ಮುಖಕ್ಕೆ ಗಾಳಿ ತೆಗೆದುಕೊಂಡು ಕೂತಿದ್ದರು. ಒಂದು ಸಲವೂ ಸೊಂಟ ಎನ್ನಲಿಲ್ಲ. ಮೇಸ್ತ್ರಿ ಹಿಂದೆ ತನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತಿದ್ದ. ಪ್ರತಿ ಗುಂಡಿಗೂ ಅವನ ಎದೆ ಹಾರುತ್ತಿತ್ತು, ಸ್ಪ್ರಿಂಗು ಎದ್ದೀತೆಂದು.

ಅಕ್ಕ ಒಳಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದರು. ಹೆಜ್ಜೆ ಸದ್ದಿಗೆ ತಲೆ ಎತ್ತಿದರು. ತಂಗಿ ಕುಂಟುತ್ತ ಹೋಗಿ ಪಕ್ಕದಲ್ಲಿ ಕೂತು, ಮುಖವನ್ನು ಅಕ್ಕನ ಮುಖದ ಹತ್ತಿರ, ಇನ್ನೂ ಹತ್ತಿರ ಒಯ್ದರು. ಅಕ್ಕ ಎರಡೂ ಕೈಯಲ್ಲಿ ಆ ಮುಖ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದರು.

“ಏನೇ ಇದು,” ಎಂದರು ಕೊನೆಗೆ. “ಇಷ್ಟು ಮುದುಕಿ ಆಗ್ಬಿಟ್ಟಿದೀಯಾ!”

“ನಿನ್ನ ಕಣ್ಣಿಗೆ ಏನೂ ಆಗಿಲ್ಲ ಬಿಡು,” ಎಂದರು ತಂಗಿ. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು.

ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ಕೋಣೆಯಲ್ಲಿ ಉಳಿದಿದ್ದದ್ದು ಒಂದೇ ಕುರ್ಚಿ, ಅತ್ತೆಯ ಮಗ್ಗುಲಲ್ಲಿ.

“ಅಷ್ಟು ದೂರ ಹೇಗೆ ಬಂದ್ಯೇ?” ಎಂದು ಕೇಳಿದರು ಅಕ್ಕ.

“ವಿಮಾನದಲ್ಲಿ.”

“ಅಮ್ಮಾ!” ಎಂದ ಭಾವ. ದಿನವಿಡೀ ಸ್ಟೀರಿಂಗ್ ಹಿಡಿದು ಅವನ ಬೆನ್ನು ಬಿದ್ದುಹೋಗಿತ್ತು. ಉಸ್ಸೆನ್ನುತ್ತ ಆ ಖಾಲಿ ಕುರ್ಚಿಯ ಕಡೆ ಬಂದ. ಅಷ್ಟರಲ್ಲಿ ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರವನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ, ಕುರ್ಚಿಯ ಮೇಲೆ ಇಟ್ಟರು.

“ಅಲ್ಲಿ ಕೂರ್ಬೇಡ. ಜಾಗ ಹಿಡಿದಿದೆ.”

“ಯಾರಿಗಮ್ಮ?”

ಅತ್ತೆ ಬಾಗಿಲ ಕಡೆ ತಿರುಗಿದರು. ಅವರ ಮಾತು ದಾಟಿಸಲು ಮಗಳು ಬಂದಿರಲಿಲ್ಲ, ಕಾವಲುಗಾರನೂ ಇರಲಿಲ್ಲ.

“ಅಳಿಯಂದ್ರೇ,” ಎಂದರು. “ಯಾಕೆ ನಿಂತೇ ಇದೀರಾ? ಬನ್ನಿ, ಕೂತ್ಕೊಳ್ಳಿ.”

ಮೇಸ್ತ್ರಿ ಬಂದ. ಕರವಸ್ತ್ರವನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟ. ಕಸುಬಿನ ಅಭ್ಯಾಸ ಬಿಡುತ್ತದೆಯೇ, ಕುರ್ಚಿಯನ್ನು ಒಂದು ಸಲ ಅಂಗೈಯಿಂದ ಒತ್ತಿ ನೋಡಿ, ಆಮೇಲೆ ಕೂತ.